ಉಣ್ಣಲಾರದ ಮಕ್ಕಳು



ಈ ದತ್ತಿ ಉಪನ್ಯಾಸಕ್ಕೆ ಮಕ್ಕಳ ಮನಸ್ಸಿನ ಆರೋಗ್ಯಕ್ಕೆ ಸಂಬಂಧಿಸಿದ ವಿಷಯವೊಂದನ್ನು ಆರಿಸಿಕೊಳ್ಳಿ ಎಂದು ಸಂಘಟಕರು ಕೇಳಿದಾಗ ನಾನು ಅನೋರೆಕ್ಸಿಯಾ ನರ್ವೋಸಾ ಎಂಬ, ಮಕ್ಕಳು ಊಟವನ್ನೇ ಕಡಿದುಕೊಂಡು ಸೊರಗುವ ಕಾಯಿಲೆಯನ್ನೂ ಅದರ ಬಳಗದ ಕಾಯಿಲೆಗಳನ್ನೂ ಆರಿಸಿಕೊಂಡೆ. ಇದು ನಮ್ಮ ನಾಡಿನ ಸಮಸ್ಯೆಯೇ, ಹೊಟ್ಟೆ ತುಂಬಿದವರ ದೇಶದ್ದಲ್ಲವೇ ಎಂಬ ಪ್ರಶ್ನೆ ಕೆಲವರಿಗೆ ಬಂದಿರಬಹುದು. ಮನೋವೈದ್ಯನಾಗಿ ಜಿಲ್ಲಾ ಕೇಂದ್ರವೊಂದರಲ್ಲಿ ಕೆಲಸ ಮಾಡುವ ನನ್ನ ಅನುಭವ ಬೇರೆಯೇ ಇದೆ. ಈ ಮಕ್ಕಳು ನಮ್ಮಲ್ಲೂ ಇದ್ದಾರೆ. ನಮ್ಮ ಬಳಿ ತಡವಾಗಿ ಬರುತ್ತಾರೆ, ಬೇರೆ ಕಾಯಿಲೆಯ ಹೆಸರು ಹೊತ್ತು ಬರುತ್ತಾರೆ ಅಷ್ಟೆ.

ಮೂರ್ನಾಲ್ಕು ಮಕ್ಕಳ ವೃತ್ತಾಂತಗಳನ್ನು ಬೆರೆಸಿ ಒಂದನ್ನಾಗಿ ಹೇಳುತ್ತೇನೆ. ಯಾರ ಗುರುತೂ ಹೊರಬೀಳಬಾರದು ಎಂಬುದು ಇದಕ್ಕೆ ಕಾರಣ.

ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದ ಹುಡುಗಿ ಹಾಸ್ಟೆಲಿನಿಂದ ದಸರಾ ರಜೆಗೆ ಮನೆಗೆ ಬಂದಳು. ಬಾಗಿಲಲ್ಲೇ ಅಜ್ಜಿ, "ಅಯ್ಯೋ, ಇದೇನೇ ಹಿಂಗೆ ಸೊರಗಿದ್ದೀಯ" ಎಂದರು. "ಮೆಸ್ಸಿನ ಊಟ ಅಲ್ವಾ" ಎಂದು ಅಪ್ಪ ಸಮಾಧಾನ ಹೇಳಿದರು. ಹಬ್ಬಕ್ಕೆ ಬಂದಿದ್ದ ಚಿಕ್ಕಮ್ಮ, "ಈಗ ನೋಡು, ಎಷ್ಟು ಚೆನ್ನಾಗಿ ಕಾಣ್ತೀಯ" ಎಂದರು. ಮೂರು ಮಾತುಗಳಲ್ಲಿ ಹುಡುಗಿಯ ಮನಸ್ಸಿನಲ್ಲಿ ಉಳಿದದ್ದು ಚಿಕ್ಕಮ್ಮನದು. ಊಟಕ್ಕೆ ಕೂತಾಗ ಅವಳು ಅಕ್ಕಿ ರೊಟ್ಟಿಯನ್ನು ಉಗುರಗಲದ ಚೂರುಗಳಾಗಿ ಮುರಿದು, ಒಂದೊಂದನ್ನೂ ಪಲ್ಯಕ್ಕೆ ತಾಗಿಸಿ, ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದಳು. ಉಳಿದವರು ಉಂಡು ಕೈ ತೊಳೆದರೂ ಚೂರುಗಳು ಅಲ್ಲೇ ಇರುತ್ತಿದ್ದವು. ಅದೇ ಹುಡುಗಿ ಬೆಳಗಾಗುವ ಮೊದಲೇ ಎದ್ದು ಮನೆಮಂದಿಗೆಲ್ಲ ಹೋಳಿಗೆ ತಟ್ಟುತ್ತಿದ್ದಳು, ತಮ್ಮನಿಗೆ ಒತ್ತಾಯ ಮಾಡಿ ಎರಡೆರಡು ಬಡಿಸುತ್ತಿದ್ದಳು. ತುಪ್ಪ ತಾಗಿದ ಬೆರಳನ್ನು ಮಾತ್ರ ಸೋಪು ಹಚ್ಚಿ ತೊಳೆಯುತ್ತಿದ್ದಳು. ರಾತ್ರಿ ಸ್ವೆಟರ್ ಹಾಕಿಕೊಂಡು, ಮೇಲೆ ಕಂಬಳಿ ಹೊದ್ದು, ಮೊಬೈಲಿನಲ್ಲಿ ಅಡುಗೆಯ ವಿಡಿಯೋಗಳನ್ನು ಒಂದಾದ ಮೇಲೊಂದರಂತೆ ನೋಡುತ್ತಿದ್ದಳು.

ಮುಟ್ಟು ನಿಂತು ತಿಂಗಳುಗಳಾಗಿದ್ದವು. ಹಾಗಾಗಿ ಮೊದಲು ಸ್ತ್ರೀರೋಗ ತಜ್ಞರ ಬಳಿ ಹೋದರು. ಎರಡು ತುತ್ತು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ ಎನ್ನುತ್ತಿದ್ದಳು, ಅದಕ್ಕೆ ಹೊಟ್ಟೆಯ ಡಾಕ್ಟರ ಬಳಿ ಹೋದರು. ಎಂಡೋಸ್ಕೋಪಿ ನಾರ್ಮಲ್ ಬಂತು, ಗ್ಯಾಸಿನ ಮಾತ್ರೆ ಸಿಕ್ಕಿತು. ಅಜ್ಜಿ ದೃಷ್ಟಿ ತೆಗೆದರು. ಕೊನೆಗೆ ನಮ್ಮಲ್ಲಿಗೆ ಬಂದಾಗ ಅಪ್ಪ ಕೇಳಿದ ಪ್ರಶ್ನೆ ಇದು: "ಮಾರ್ಕ್ಸಲ್ಲಿ ಯಾವತ್ತೂ ಫಸ್ಟು ಸಾರ್. ಹೇಳಿದ ಮಾತು ಮೀರಿದೋಳಲ್ಲ. ಊಟದ ವಿಷಯದಲ್ಲಿ ಮಾತ್ರ ಯಾಕಿಷ್ಟು ಹಟ?"

ಇದು ಹಟವಲ್ಲ ಎಂದು ತೋರಿಸುವುದೇ ಇವತ್ತಿನ ನನ್ನ ಉಪನ್ಯಾಸದ ಉದ್ದೇಶ.

ಅದಕ್ಕಾಗಿ ನಿಮ್ಮನ್ನು ಎರಡನೆಯ ಮಹಾಯುದ್ಧದ ಕೊನೆಯ ವರ್ಷಕ್ಕೆ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯಕ್ಕೆ ಕರೆದೊಯ್ಯಬೇಕು. ಯುರೋಪಿನಲ್ಲಿ ಲಕ್ಷಾಂತರ ಜನ ಹಸಿವಿನಲ್ಲಿದ್ದರು. ಯುದ್ಧ ಮುಗಿದ ಮೇಲೆ ಅವರಿಗೆ ಹೇಗೆ ಉಣಿಸಬೇಕು ಎಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ಶರೀರ ವಿಜ್ಞಾನಿ ಒಂದು ಪ್ರಯೋಗ ಹೂಡಿದರು. ಆತ್ಮಸಾಕ್ಷಿಯ ಕಾರಣಕ್ಕೆ ಬಂದೂಕು ಹಿಡಿಯಲು ಒಪ್ಪದ 36 ಯುವಕರು ತಾವಾಗಿ ಮುಂದೆ ಬಂದರು. ದೇಹದಲ್ಲೂ ಮನಸ್ಸಿನಲ್ಲೂ ಗಟ್ಟಿಯಾಗಿದ್ದವರನ್ನೇ ಆರಿಸಲಾಗಿತ್ತು. 1945ರ ಫೆಬ್ರವರಿಯಿಂದ 24 ವಾರ ಅವರಿಗೆ ಮೊದಲು ತಿನ್ನುತ್ತಿದ್ದುದರ ಅರ್ಧದಷ್ಟು ಆಹಾರ ಕೊಟ್ಟರು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಆದರೆ ವಿಜ್ಞಾನಿಗಳನ್ನು ಬೆರಗುಗೊಳಿಸಿದ್ದು ಅವರ ಮನಸ್ಸಿಗೆ ಆದ ಬದಲಾವಣೆ.

ಆ ಯುವಕರು ಅಡುಗೆ ಪುಸ್ತಕಗಳನ್ನು ಓದತೊಡಗಿದರು, ಪಾಕವಿಧಾನಗಳನ್ನು ಸಂಗ್ರಹಿಸತೊಡಗಿದರು. ಸಿಕ್ಕಿದ ಸ್ವಲ್ಪ ಆಹಾರವನ್ನು ಚೂರು ಮಾಡಿ, ನೀರು ಬೆರೆಸಿ, ಗಂಟೆಗಟ್ಟಲೆ ಎಳೆದು ತಿಂದರು, ತಟ್ಟೆ ನೆಕ್ಕಿದರು. ಬೇಸಗೆಯಲ್ಲೂ ಚಳಿ ಎಂದರು. ನಾಡಿ ನಿಧಾನವಾಯಿತು. ಗೆಳೆಯರು ಬೇಡವಾದರು, ನಗು ನಿಂತಿತು, ಸಿಡುಕು ಹೆಚ್ಚಿತು, ಏಕಾಗ್ರತೆ ಹೋಯಿತು. ಒಬ್ಬಾತ ಕೊಡಲಿಯಿಂದ ತನ್ನ ಕೈಬೆರಳುಗಳನ್ನೇ ಕಡಿದುಕೊಂಡ. ಮತ್ತೆ ಊಟ ಸಿಕ್ಕಿದ ಮೇಲೂ ಕೆಲವರು ತಿಂಗಳುಗಟ್ಟಲೆ ಅಂಕೆಯಿಲ್ಲದೆ ತಿಂದರು. ಇವರಲ್ಲಿ ಯಾರಿಗೂ ತೆಳ್ಳಗಾಗುವ ಆಸೆ ಇರಲಿಲ್ಲ, ಯಾರೂ ಕನ್ನಡಿಯ ಮುಂದೆ ನಿಂತು ಅತ್ತವರಲ್ಲ. ಕೀಸ್ ಮತ್ತು ಸಂಗಡಿಗರು 1950ರಲ್ಲಿ ಇದನ್ನೆಲ್ಲ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು.

ಈಗ ಆ ಹುಡುಗಿಯ ರೊಟ್ಟಿಯ ಚೂರುಗಳನ್ನು, ಸ್ವೆಟರನ್ನು, ಅಡುಗೆಯ ವಿಡಿಯೋಗಳನ್ನು ನೆನಪಿಸಿಕೊಳ್ಳಿ. ನಾವು ಅವಳ ಹಟ, ಅವಳ ವಿಚಿತ್ರ ಸ್ವಭಾವ ಎಂದುಕೊಂಡಿದ್ದರಲ್ಲಿ ಬಹುಪಾಲು ಉಪವಾಸ ಬಿದ್ದ ಮಿದುಳಿನ ಲಕ್ಷಣ. ಅವಳಿಗೆ ಹಸಿವು ಸತ್ತಿಲ್ಲ. ದಿನವಿಡೀ ಆಹಾರದ್ದೇ ಯೋಚನೆ, ಆಹಾರದ್ದೇ ಭಯ. ಅನೋರೆಕ್ಸಿಯಾದ ಹೃದಯಭಾಗ ಇದು: ಯಾವ ಕಾರಣಕ್ಕೋ ಊಟ ಕಡಿಮೆಯಾಗುತ್ತದೆ, ತೂಕ ಇಳಿಯುತ್ತದೆ, ಇಳಿದ ತೂಕ ಮನಸ್ಸನ್ನು ಬಿಗಿಗೊಳಿಸುತ್ತದೆ, ಬಿಗಿಯಾದ ಮನಸ್ಸು ಊಟವನ್ನು ಇನ್ನಷ್ಟು ಕಡಿತಗೊಳಿಸುತ್ತದೆ. ಮಿನ್ನೆಸೋಟದ ಯುವಕರು ಊಟ ಸಿಕ್ಕಿದೊಡನೆ ತಿಂದರು. ಈ ಮಕ್ಕಳಿಗೆ ಊಟ ಎದುರಿಗಿದ್ದರೂ ಎತ್ತಿ ಬಾಯಿಗಿಡಲು ಆಗುವುದಿಲ್ಲ. ಕಾಯಿಲೆ ಇರುವುದು ಈ ವ್ಯತ್ಯಾಸದಲ್ಲಿ.

ಯಾವ ಕಾರಣಕ್ಕೆ ಶುರುವಾಗುತ್ತದೆ? ಫ್ಯಾಷನ್ನು, ಸಿನಿಮಾ, ಇನ್‌ಸ್ಟಾಗ್ರಾಂ ಎಂಬ ಉತ್ತರ ಎಲ್ಲರ ನಾಲಗೆಯ ತುದಿಯಲ್ಲಿದೆ. ಇದರಲ್ಲಿ ಸತ್ಯವಿದೆ, ಪೂರ್ತಿ ಸತ್ಯವಿಲ್ಲ. ಲಂಡನ್ನಿನ ವೈದ್ಯ ರಿಚರ್ಡ್ ಮಾರ್ಟನ್ 1689ರಲ್ಲೇ ಇಬ್ಬರು ರೋಗಿಗಳನ್ನು ವರ್ಣಿಸಿದ್ದಾನೆ. ಒಬ್ಬಳು 18ರ ಹುಡುಗಿ, ಎಲುಬಿನ ಮೇಲೆ ಚರ್ಮ ಹೊದಿಸಿದಂತಿದ್ದರೂ ಪುಸ್ತಕ ಬಿಡದವಳು. ಚಿಕಿತ್ಸೆ ನಿರಾಕರಿಸಿ ತೀರಿಕೊಂಡಳು. ಇನ್ನೊಬ್ಬ 16ರ ಹುಡುಗ. ಹೌದು, ವೈದ್ಯಕೀಯ ಸಾಹಿತ್ಯದ ಮೊದಮೊದಲ ವಿವರಣೆಯಲ್ಲೇ ಒಬ್ಬ ಹುಡುಗನಿದ್ದಾನೆ. ಇದು ಹೆಣ್ಣುಮಕ್ಕಳದ್ದೇ ಕಾಯಿಲೆ ಎನ್ನುವವರು ಇದನ್ನು ಗಮನಿಸಬೇಕು. 1873ರಲ್ಲಿ ಪ್ಯಾರಿಸ್ಸಿನ ಶಾರ್ಲ್ ಲಾಸೆಗ್ ಮತ್ತು ಲಂಡನ್ನಿನ ವಿಲಿಯಂ ಗಲ್ ಬೇರೆಬೇರೆಯಾಗಿಯೇ ಈ ಕಾಯಿಲೆಯನ್ನು ವಿವರಿಸಿದರು. ಈಗಿನ ಹೆಸರು ಗಲ್ ಕೊಟ್ಟದ್ದು. ಆಗ ಸಿನಿಮಾ ಇರಲಿಲ್ಲ, ಇನ್‌ಸ್ಟಾಗ್ರಾಂ ಇರಲಿಲ್ಲ.

ಕಾಯಿಲೆಯ ಬೇರು ಅಷ್ಟಿಷ್ಟು ರಕ್ತದಲ್ಲೇ ಇದೆ. ಅವಳಿ ಮಕ್ಕಳ ಅಧ್ಯಯನಗಳು ಇದನ್ನು ಬಹಳ ಹಿಂದೆಯೇ ಸೂಚಿಸಿದ್ದವು. 2019ರಲ್ಲಿ ಸುಮಾರು 17,000 ರೋಗಿಗಳ ವಂಶವಾಹಿಗಳನ್ನು ಪರಿಶೀಲಿಸಿದ ಅಂತರರಾಷ್ಟ್ರೀಯ ತಂಡವೊಂದು ಈ ಕಾಯಿಲೆಯೊಂದಿಗೆ ನಂಟಿರುವ ಎಂಟು ಜಾಗಗಳನ್ನು ಗುರುತಿಸಿತು. ಆತಂಕ, ಗೀಳು ಮುಂತಾದ ಮಾನಸಿಕ ತೊಂದರೆಗಳ ಜೊತೆಗೆ ದೇಹದ ಚಯಾಪಚಯಕ್ಕೆ ಸಂಬಂಧಪಟ್ಟ ಗುಣಗಳೂ ಇದರಲ್ಲಿ ಹೆಣೆದುಕೊಂಡಿವೆ ಎಂದು ಆ ತಂಡ ಹೇಳಿತು. ಎಲ್ಲವೂ ಅಚ್ಚುಕಟ್ಟಾಗಿರಬೇಕು ಎನ್ನುವ, ಒಂದು ಅಂಕ ತಪ್ಪಿದರೂ ನಿದ್ದೆಗೆಡುವ ಮಕ್ಕಳು ಇದಕ್ಕೆ ಹೆಚ್ಚು ಸಿಕ್ಕಿಬೀಳುತ್ತಾರೆ. "ಯಾವತ್ತೂ ಫಸ್ಟು" ಎಂದು ಆ ತಂದೆ ಹೇಳಿದ್ದನ್ನು ನಾವು ಲಕ್ಷಣಗಳ ಪಟ್ಟಿಯಲ್ಲೇ ಬರೆದುಕೊಳ್ಳುತ್ತೇವೆ.

ಹಾಗೆಂದು ಸಮಾಜವನ್ನು ಬಿಟ್ಟುಬಿಡುವಂತಿಲ್ಲ. ಫಿಜಿ ದ್ವೀಪಗಳಲ್ಲಿ ಮೈಕೈ ತುಂಬಿಕೊಂಡ ದೇಹಕ್ಕೆ ಮರ್ಯಾದೆಯಿತ್ತು. ಯಾರಿಗಾದರೂ ಊಟ ಸೇರದಿದ್ದರೆ ಊರೇ ಚಿಂತೆಪಡುತ್ತಿತ್ತು. ಅಲ್ಲಿನ ನದ್ರೋಗ ಪ್ರಾಂತಕ್ಕೆ 1995ರಲ್ಲಿ ಟಿವಿ ಬಂತು. ಆಗ ಹಾರ್ವರ್ಡಿನ ಆನ್ ಬೆಕರ್ ಅಲ್ಲಿನ ಶಾಲೆಯ ಹುಡುಗಿಯರನ್ನು ವಿಚಾರಿಸಿದಾಗ ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇವೆ ಎಂದವರು ಒಬ್ಬರೂ ಇರಲಿಲ್ಲ. 1998ರಲ್ಲಿ ಅದೇ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 11 ಮಂದಿ ಹೌದೆಂದರು. ಮೂರೇ ವರ್ಷದಲ್ಲಿ ಆದ ಬದಲಾವಣೆ ಇದು. ಅದು ನಡುಮನೆಯಲ್ಲಿ ಎಲ್ಲರೂ ಕೂತು ನೋಡುತ್ತಿದ್ದ ಟಿವಿಯ ಕಾಲ. ಈಗಿನ ಪರದೆ ಮಗುವಿನ ಹಾಸಿಗೆಯೊಳಗಿದೆ, ಅವಳು ಒಂದು ಡಯಟ್ ವಿಡಿಯೋ ನೋಡಿದರೆ ಇನ್ನಷ್ಟು ವಿಡಿಯೋಗಳನ್ನು ತಾನಾಗಿ ತಂದು ಸುರಿಯುತ್ತದೆ.

ನಮ್ಮ ದೇಶಕ್ಕೆ ಬರುತ್ತೇನೆ. ಇಲ್ಲಿ ಈ ಕಾಯಿಲೆ ಏಕೆ ಕಣ್ಣು ತಪ್ಪಿಸುತ್ತದೆ ಎಂಬುದು ನನ್ನ ಮಟ್ಟಿಗೆ ಅತಿ ಮುಖ್ಯ ಪ್ರಶ್ನೆ. ಪಾಶ್ಚಾತ್ಯ ಪಠ್ಯಪುಸ್ತಕದ ರೋಗಿ "ನಾನು ದಪ್ಪಗಿದ್ದೇನೆ" ಎನ್ನುತ್ತಾಳೆ. 1990ರ ದಶಕದ ಆರಂಭದಲ್ಲಿ ಹಾಂಕಾಂಗಿನ ಸಿಂಗ್ ಲೀ ಎಂಬ ಮನೋವೈದ್ಯರು ತಮ್ಮ ರೋಗಿಗಳಲ್ಲಿ ಅನೇಕರು ಹಾಗೆ ಹೇಳುವುದೇ ಇಲ್ಲ, ಹೊಟ್ಟೆ ಭಾರ, ಹಸಿವಿಲ್ಲ ಎನ್ನುತ್ತಾರೆ ಎಂದು ತೋರಿಸಿದರು. 1995ರಲ್ಲಿ ದೆಹಲಿಯ ವೈದ್ಯರು ವರದಿ ಮಾಡಿದ ಭಾರತೀಯ ಹುಡುಗಿಯರಲ್ಲೂ ದಪ್ಪಗಾಗುವ ಭಯ ಮುಂದಕ್ಕೆ ಕಾಣುತ್ತಿರಲಿಲ್ಲ. ನಮ್ಮ ಮಕ್ಕಳು ಹೊಟ್ಟೆ ಉಬ್ಬರ ಎನ್ನುತ್ತಾರೆ, ಎಣ್ಣೆ ಪದಾರ್ಥ ಆಗಿಬರುವುದಿಲ್ಲ ಎನ್ನುತ್ತಾರೆ, ಸೋಮವಾರ ಉಪವಾಸ, ಏಕಾದಶಿ, ಸಂಕಷ್ಟಿ ಎನ್ನುತ್ತಾರೆ. ವ್ರತಕ್ಕೆ ಯಾರು ಬೇಡ ಎನ್ನುತ್ತಾರೆ? ಮನೆಯವರಿಗೆ ಹೆಮ್ಮೆಯೇ. ವ್ರತ ಹಿಡಿದವರು ಮರುದಿನ ಪಾರಣೆ ಮಾಡಿ ಸಂತೋಷವಾಗಿ ಉಣ್ಣುತ್ತಾರೆ. ಈ ಮಗು ಪಾರಣೆಯ ದಿನವೂ ಉಣ್ಣುವುದಿಲ್ಲ, ಸೋಮವಾರದ ವ್ರತದ ಜೊತೆಗೆ ಇನ್ನೊಂದು ವಾರದ್ದೂ ಸೇರುತ್ತದೆ. ಹೆಚ್ಚು ಮಾತಾಡಿಸಿದರೆ, ಸ್ನೇಹ ಬೆಳೆದರೆ, ಕೆಲವರಲ್ಲಿ ತೂಕದ ಭಯ ನಿಧಾನವಾಗಿ ಹೊರಗೆ ಬರುತ್ತದೆ. ಕೆಲವರಲ್ಲಿ ಬರುವುದೇ ಇಲ್ಲ. ಆದರೂ ಕಾಯಿಲೆ ಅದೇ, ಅಪಾಯ ಅದೇ.

ಬೆಂಗಳೂರಿನ ಮನೋವೈದ್ಯರನ್ನು ವಿಚಾರಿಸಿ 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಮೂವರಲ್ಲಿ ಇಬ್ಬರು ಇಂಥ ಒಬ್ಬ ರೋಗಿಯನ್ನಾದರೂ ಕಂಡಿದ್ದೇವೆ ಎಂದಿದ್ದರು. ನಮ್ಮಲ್ಲಿಲ್ಲ ಎನ್ನುವ ಮಾತನ್ನು ಅಂದಿಗೇ ಬಿಡಬೇಕಿತ್ತು.

ಇದೇ ಬಳಗದ ಬೇರೆ ಕಾಯಿಲೆಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬುಲಿಮಿಯಾವನ್ನು 1979ರಲ್ಲಿ ಲಂಡನ್ನಿನ ಜೆರಾಲ್ಡ್ ರಸೆಲ್ ಪ್ರತ್ಯೇಕವಾಗಿ ಗುರುತಿಸಿದರು. ಗುಟ್ಟಾಗಿ, ಅಂಕೆ ಮೀರಿ ತಿನ್ನುವುದು, ಆಮೇಲೆ ನಾಚಿಕೆ ಮತ್ತು ಭಯದಿಂದ ವಾಂತಿ ಮಾಡಿಕೊಳ್ಳುವುದು ಇದರ ಲಕ್ಷಣ. ಇವರ ತೂಕ ಸಾಮಾನ್ಯವಾಗಿಯೇ ಇರುವುದರಿಂದ ವರ್ಷಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ಎಷ್ಟೋ ಸಲ ಮೊದಲು ಕಂಡುಹಿಡಿಯುವವರು ದಂತವೈದ್ಯರು, ಹಲ್ಲಿನ ಎನಾಮಲ್ ಸವೆದಿರುವುದನ್ನು ನೋಡಿ. ವಾಂತಿ ಮಾಡಿಕೊಳ್ಳದೆ ಅಂಕೆ ಮೀರಿ ತಿನ್ನುವ ತೊಂದರೆ ಇನ್ನೊಂದು, ಇದು ಸಂಖ್ಯೆಯಲ್ಲಿ ಅನೋರೆಕ್ಸಿಯಾಕ್ಕಿಂತ ಹೆಚ್ಚು. ಹುಡುಗರಲ್ಲಿ ಮೈಕಟ್ಟಿನ ಗೀಳು ಬೇರೆ ವೇಷದಲ್ಲಿ ಬರುತ್ತದೆ. ಅನ್ನ ಬಿಟ್ಟು, ಮೊಟ್ಟೆಯ ಬಿಳಿಭಾಗ ಮತ್ತು ಪೌಡರಿನ ಡಬ್ಬಿಯ ಮೇಲೆ ಬದುಕುತ್ತ, ಜ್ವರವಿದ್ದರೂ ಜಿಮ್ ತಪ್ಪಿಸದ ಹುಡುಗನನ್ನು ಶಿಸ್ತಿನವನು ಎಂದು ನಾವು ಹೊಗಳುತ್ತೇವೆ.

ಈ ಕಾಯಿಲೆಗಳಿಂದ ಜನ ಸಾಯುತ್ತಾರೆ. ಇದನ್ನು ಮೆತ್ತಗೆ ಹೇಳಿ ಪ್ರಯೋಜನವಿಲ್ಲ. 36 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಅನೋರೆಕ್ಸಿಯಾ ಇರುವವರ ಸಾವಿನ ಪ್ರಮಾಣ ಅದೇ ವಯಸ್ಸಿನ ಇತರರಿಗಿಂತ ಐದಾರು ಪಟ್ಟು ಹೆಚ್ಚು. ಸತ್ತವರಲ್ಲಿ ಐವರಿಗೊಬ್ಬರದು ಆತ್ಮಹತ್ಯೆ. ಹಾಡುಗಾರ್ತಿ ಕರೆನ್ ಕಾರ್ಪೆಂಟರ್ 1983ರಲ್ಲಿ 32ನೇ ವಯಸ್ಸಿಗೆ ಹೃದಯ ನಿಂತು ತೀರಿಕೊಂಡಾಗಲೇ ಅಮೆರಿಕದ ಅನೇಕ ಜನಸಾಮಾನ್ಯರು ಈ ಕಾಯಿಲೆಯ ಹೆಸರು ಕೇಳಿದ್ದು. ಉಪವಾಸದಲ್ಲಿ ಹೃದಯದ ಸ್ನಾಯುವೂ ಸೊರಗುತ್ತದೆ. ವಾಂತಿಯಿಂದ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತ ಒಮ್ಮೆಲೇ ತಪ್ಪಬಹುದು. ಎಲುಬು ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ ಟೊಳ್ಳಾಗುತ್ತದೆ. ಎಷ್ಟು ತೂಕಕ್ಕೆ ಇಳಿದರೆ ಅಪಾಯ ಎಂದು ಸಭೆಗಳಲ್ಲಿ ನನ್ನನ್ನು ಕೇಳುತ್ತಾರೆ. ನಾನು ಅಂಕಿ ಹೇಳುವುದಿಲ್ಲ. ಈ ಕಾಯಿಲೆಯಲ್ಲಿರುವ ಮಗು ಕೇಳಿಸಿಕೊಂಡ ಅಂಕಿಯನ್ನು ಎಚ್ಚರಿಕೆ ಎಂದು ತಿಳಿಯದು, ಗುರಿಯನ್ನಾಗಿ ಹಿಡಿಯುತ್ತದೆ.

ಇನ್ನೊಂದು ಅಪಾಯ ಪ್ರೀತಿಯಿಂದಲೇ ಬರುವಂಥದು. ತುಂಬಾ ಸೊರಗಿದ ಮಗುವಿಗೆ ಮನೆಯಲ್ಲಿ ಗಾಬರಿಬಿದ್ದು ಒಮ್ಮೆಲೇ ಹೊಟ್ಟೆತುಂಬ ಉಣಿಸಿದರೆ ರಕ್ತದಲ್ಲಿ ಫಾಸ್ಫೇಟ್ ಕುಸಿದು ಹೃದಯಕ್ಕೆ, ಉಸಿರಾಟಕ್ಕೆ ಕುತ್ತು ಬರಬಹುದು. ಮಹಾಯುದ್ಧದ ನಂತರ ಸೆರೆಶಿಬಿರಗಳಿಂದ ಬಿಡುಗಡೆಯಾದವರಲ್ಲಿ ವೈದ್ಯರು ಇದನ್ನು ಕಂಡರು. ಹಾಗಾಗಿ ತೀರಾ ಇಳಿದುಹೋದ ಮಗುವಿಗೆ ಮೊದಲ ಊಟ ಆಸ್ಪತ್ರೆಯಲ್ಲಿ, ದಿನದಿನದ ರಕ್ತಪರೀಕ್ಷೆಯೊಂದಿಗೆ ಆಗಬೇಕು.

ಚಿಕಿತ್ಸೆಯ ಮಾತಿಗೆ ಬಂದಾಗ ಒಂದು ದೊಡ್ಡ ಅನ್ಯಾಯದ ಬಗ್ಗೆ ಹೇಳಲೇಬೇಕು. ವಿಲಿಯಂ ಗಲ್ ತನ್ನ ಕಾಲದಲ್ಲಿ, ಹೊತ್ತುಹೊತ್ತಿಗೆ ಉಣಿಸಬೇಕು ಎಂದು ಸರಿಯಾಗಿಯೇ ಹೇಳಿದ. ಅದರ ಜೊತೆಗೆ, ಈ ರೋಗಿಗಳನ್ನು ನೋಡಿಕೊಳ್ಳಲು ಮನೆಯವರಷ್ಟು ಕೆಟ್ಟವರು ಬೇರಿಲ್ಲ ಎಂದೂ ಹೇಳಿದ. ಮುಂದಿನ ನೂರು ವರ್ಷ ವೈದ್ಯರು ಅಪ್ಪ ಅಮ್ಮಂದಿರನ್ನು ಹೊರಗೆ ಕೂರಿಸಿದರು. ತಾಯಿ ಅತಿಯಾಗಿ ಹಿಡಿದಿಟ್ಟಳು, ತಂದೆ ದೂರ ಉಳಿದ ಎಂದು ದೋಷ ಹುಡುಕಿದರು. ಮಗು ಕಣ್ಣೆದುರೇ ಕರಗುವುದನ್ನು ನೋಡುತ್ತಿದ್ದ ತಾಯಿಯ ತಲೆಗೆ ಅದೇ ಮಗುವಿನ ಕಾಯಿಲೆಯ ಹೊಣೆಯನ್ನೂ ಕಟ್ಟಿದರು. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ರಸೆಲ್, ಕ್ರಿಸ್ಟೋಫರ್ ಡೇರ್, ಐವಾನ್ ಐಸ್ಲರ್ ಮೊದಲಾದವರು ಈ ದಾರಿ ತಿರುಗಿಸಿದರು. 1987ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಚಿಕ್ಕ ವಯಸ್ಸಿನಲ್ಲಿ ಶುರುವಾಗಿ ಮೂರು ವರ್ಷ ದಾಟದ ಕಾಯಿಲೆಯಿದ್ದವರು ಕುಟುಂಬವನ್ನು ಸೇರಿಸಿಕೊಂಡ ಚಿಕಿತ್ಸೆಯಲ್ಲಿ ಹೆಚ್ಚು ಚೇತರಿಸಿಕೊಂಡರು. ಇವತ್ತು ಹದಿಹರೆಯದ ಅನೋರೆಕ್ಸಿಯಾಕ್ಕೆ ಅತಿ ಗಟ್ಟಿ ಆಧಾರವಿರುವ ಚಿಕಿತ್ಸೆ ಇದೇ. ಈ ಕಾಯಿಲೆಯನ್ನು ಗುಣಪಡಿಸುವ ಮಾತ್ರೆ ಇಂದಿಗೂ ಇಲ್ಲ. ಜೊತೆಗಿರುವ ಆತಂಕ, ಖಿನ್ನತೆಗೆ ಔಷಧ ಬೇಕಾಗಬಹುದು. ಮೂಲ ಕಾಯಿಲೆಗೆ ಊಟವೇ ಔಷಧ.

ಈ ಚಿಕಿತ್ಸೆಯಲ್ಲಿ ಯಾರ ತಪ್ಪು ಎಂದು ಹುಡುಕುವುದಿಲ್ಲ. ಏನು, ಎಷ್ಟು, ಯಾವಾಗ ಎಂಬ ಊಟದ ನಿರ್ಧಾರವನ್ನು ಕೆಲಕಾಲ ಮಗುವಿನ ಕೈಯಿಂದ ತೆಗೆದು ಅಪ್ಪ ಅಮ್ಮನ ಕೈಗೆ ಕೊಡುತ್ತೇವೆ. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ತಿಂಡಿ, ಪ್ರತಿ ಸಲ ದೊಡ್ಡವರೊಬ್ಬರು ಪಕ್ಕದಲ್ಲಿ. ತೂಕ ಮರಳಿದಂತೆ ನಿರ್ಧಾರವನ್ನು ಸ್ವಲ್ಪಸ್ವಲ್ಪವಾಗಿ ಮಗುವಿಗೇ ಹಿಂದಿರುಗಿಸುತ್ತೇವೆ. ಓದು, ಗೆಳೆತನ, ಮುಂದಿನ ಬದುಕಿನ ಮಾತು ಆಮೇಲೆ.

ಎರಡನೆಯ ಭೇಟಿಗೆ ಮನೆಯವರೆಲ್ಲರೂ ಊಟ ಕಟ್ಟಿಕೊಂಡು ಬರಬೇಕು. ಆ ಹುಡುಗಿಯ ಮನೆಯವರು ಟಿಫಿನ್ ಕ್ಯಾರಿಯರ್ ತಂದು ನನ್ನ ಕೋಣೆಯಲ್ಲೇ ಬಿಚ್ಚಿದರು. ಚಪಾತಿ, ಹುಳಿ, ಮೊಸರನ್ನ. ಅವಳು ಚಪಾತಿಯನ್ನು ನೋಡುತ್ತ ಕೂತಳು, ಕಣ್ಣಲ್ಲಿ ನೀರು ತುಂಬಿತು. "ಹೋಗ್ಲಿ, ಮೊಸರನ್ನ ಸ್ವಲ್ಪ ತಿನ್ನು ಪುಟ್ಟಿ" ಎಂದು ಅಮ್ಮ ರಾಜಿಗೆ ಇಳಿದರು. ಅಪ್ಪ ಫೋನು ಹಿಡಿದು ಎದ್ದು ಹೊರಟರು. ಅವರನ್ನು ಕರೆದು ಮಗಳ ಇನ್ನೊಂದು ಪಕ್ಕಕ್ಕೆ ಕೂರಿಸಿದೆ. ಇಬ್ಬರೂ ಒಂದೇ ಮಾತು ಹೇಳಬೇಕು, ದನಿ ಏರಿಸಬಾರದು, ಎದ್ದು ಹೋಗಬಾರದು ಎಂದೆ. "ನಿಂಗೆ ಇದು ಎಷ್ಟು ಕಷ್ಟ ಅಂತ ಗೊತ್ತು. ಆದ್ರೂ ಇದನ್ನ ತಿನ್ನಲೇಬೇಕು. ನಾವಿಬ್ರೂ ಇಲ್ಲೇ ಕೂತಿರ್ತೀವಿ" ಎಂದು ಅಪ್ಪ ಹೇಳಿದರು, ಮತ್ತೆ ಹೇಳಿದರು. ಒಂದು ಚಪಾತಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅವಳು ಪೂರ್ತಿ ತಿಂದಳು. ತಮ್ಮ ಅಕ್ಕನಿಗೆ ಶಾಲೆಯ ಕಥೆ ಹೇಳುತ್ತಿದ್ದ. ಅವನ ಕೆಲಸ ಅಷ್ಟೇ, ಕಾವಲು ಕಾಯುವುದಲ್ಲ.

"ನಮ್ಮ ಕಾಲದಲ್ಲಿ ಅನ್ನಕ್ಕೆ ಗತಿಯಿರಲಿಲ್ಲ, ನಿನಗೆ ಸೊಕ್ಕು" ಎನ್ನುವುದು, ತಿಂದರೆ ಮೊಬೈಲ್ ಕೊಡಿಸುತ್ತೇನೆ ಎನ್ನುವುದು, ತಿನ್ನದಿದ್ದರೆ ನಾನೂ ಉಪವಾಸ ಎಂದು ಅಮ್ಮ ತಟ್ಟೆ ಸರಿಸುವುದು ಇವೆಲ್ಲ ನೋವಿನಿಂದ ಬರುವ ಮಾತುಗಳೇ. ಆದರೆ ಮಗುವಿನ ತಪ್ಪಿತಸ್ಥ ಭಾವವನ್ನು ಹೆಚ್ಚಿಸುವುದು ಬಿಟ್ಟು ಬೇರೇನೂ ಮಾಡವು. ಪ್ರವಾಹದಲ್ಲಿ ಸಿಕ್ಕವನಿಗೆ ದಡದಿಂದ ಬುದ್ಧಿ ಹೇಳಿದರೆ ಈಜು ಬರುವುದಿಲ್ಲ. ಮನೆಯೇ ಹಿಂಸೆಯ ಜಾಗವಾಗಿದ್ದರೆ ಈ ಚಿಕಿತ್ಸೆ ಸಲ್ಲದು, ಅಲ್ಲಿ ಬೇರೆ ದಾರಿ ಹುಡುಕಬೇಕು. ಉಳಿದೆಡೆ, ಒಟ್ಟಿಗೆ ಕೂತು ಉಣ್ಣುವ ರೂಢಿ ಇನ್ನೂ ಉಳಿದಿರುವ, ಅಜ್ಜಿ ದೊಡ್ಡಮ್ಮಂದಿರು ಇರುವ ನಮ್ಮ ಮನೆಗಳು ಇದಕ್ಕೆ ಬಹಳ ಯೋಗ್ಯವಾದ ಜಾಗ ಎಂಬುದು ನನ್ನ ದೃಢವಾದ ನಂಬಿಕೆ. ಸಮಯ ಹಿಡಿಯುತ್ತದೆ, ವಾರಗಳಲ್ಲ, ತಿಂಗಳುಗಳು. ದೀರ್ಘಕಾಲದ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ ಬದುಕುಳಿದವರಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಜನ ಪೂರ್ಣ ಗುಣವಾಗುತ್ತಾರೆ, ಸುಮಾರು ಮೂರನೇ ಒಂದು ಭಾಗ ಸುಧಾರಿಸುತ್ತಾರೆ, ಸುಮಾರು ಐದನೇ ಒಂದು ಭಾಗದಲ್ಲಿ ಕಾಯಿಲೆ ಬೇರೂರುತ್ತದೆ. ಬೇಗ ಹಿಡಿದ ಮಕ್ಕಳ ಗತಿ ಇದಕ್ಕಿಂತ ಚೆನ್ನಾಗಿದೆ.

ಬೇಗ ಹಿಡಿಯಬೇಕಾದವರು ಈ ಸಭೆಯಲ್ಲೇ ಇದ್ದೀರಿ. ಅಧ್ಯಾಪಕರೇ, ಹಾಸ್ಟೆಲ್ ವಾರ್ಡನ್‌ಗಳೇ, ಮೆಸ್ಸಿಗೆ ಬರುವುದನ್ನು ನಿಲ್ಲಿಸಿದ ಮಗುವಿನ ಹೆಸರನ್ನು ಹಾಜರಿ ಪುಸ್ತಕ ಹೇಳುವುದಿಲ್ಲ, ಅಡುಗೆಯವರನ್ನು ಕೇಳಿ. ನೃತ್ಯಗುರುಗಳೇ, ಕ್ರೀಡಾ ತರಬೇತುದಾರರೇ, ಎಲ್ಲರೆದುರು ಮಕ್ಕಳ ತೂಕ ನೋಡುವುದನ್ನು, ಮೈಯ ಬಗ್ಗೆ ಟೀಕೆ ಮಾಡುವುದನ್ನು ದಯವಿಟ್ಟು ಬಿಡಿ. ವೈದ್ಯ ಬಂಧುಗಳೇ, ಮುಟ್ಟು ನಿಂತ, ಹೊಟ್ಟೆ ಉಬ್ಬರ ಎನ್ನುವ, ಎಲ್ಲ ಪರೀಕ್ಷೆಯೂ ನಾರ್ಮಲ್ ಬಂದ ಹುಡುಗಿಯನ್ನು ಗ್ಯಾಸಿನ ಮಾತ್ರೆ ಕೊಟ್ಟು ಕಳಿಸುವ ಮುನ್ನ ನಿನ್ನೆ ಬೆಳಗಿನಿಂದ ಏನೇನು ತಿಂದೆ ಎಂದು ಕೇಳಿ, ನಾಡಿ ಎಣಿಸಿ. ಮದುವೆ ಮುಂಜಿಗಳಲ್ಲಿ ಸಿಗುವ ಮಕ್ಕಳಿಗೆ ದಪ್ಪಗಾದೆ, ಸಣ್ಣಗಾದೆ ಎನ್ನುವ ಮಾತಿನ ಬದಲು ಬೇರೆ ಏನನ್ನಾದರೂ ವಿಚಾರಿಸೋಣ.

ಸಹಾಯ ಎಲ್ಲಿ ಎಂದು ಕೇಳುತ್ತೀರಿ. ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲೆಗೆ, ತಾಲ್ಲೂಕಿಗೆ ತಲುಪಿಸಬಹುದೆಂದು 1980ರ ದಶಕದಲ್ಲಿ ಇಡೀ ದೇಶಕ್ಕೆ ತೋರಿಸಿದ್ದು ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಇಂದಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅದರಿಂದಲೇ ಬೆಳೆದದ್ದು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮಗು ತಲೆಸುತ್ತಿ ಬಿದ್ದರೆ, ನಾಡಿ ತೀರಾ ನಿಧಾನವಾಗಿದ್ದರೆ, ನೀರೂ ಬೇಡವೆಂದರೆ, ಸಾಯುವ ಮಾತಾಡಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಯಾರನ್ನು ಕೇಳುವುದೆಂದೇ ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಹಗಲಿರುಳೂ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಸಂಖ್ಯೆ 14416. ಇದನ್ನು ಇಲ್ಲಿಂದ ಹೊರಡುವ ಮುನ್ನ ಬರೆದುಕೊಳ್ಳಿ, ನಿಮ್ಮ ಶಾಲೆಯ, ಹಾಸ್ಟೆಲಿನ ಸೂಚನಾ ಫಲಕದಲ್ಲಿ ನಾಳೆಯೇ ಹಾಕಿಸಿ.